ಕಂಪನಿ ತನ್ನ ಚರಿತ್ರೆಯನ್ನು ಬರೆಸುವಾಗ

ಎಲ್ಲರಿಗೂ ನಮಸ್ಕಾರ.

ಒಂದು ಕಂಪನಿಗೆ ಐವತ್ತೋ ನೂರೋ ವರ್ಷ ತುಂಬಿದಾಗ ಸ್ಮರಣ ಸಂಚಿಕೆ ಹೊರಬರುತ್ತದೆ. ನುಣುಪು ಕಾಗದ, ಸ್ಥಾಪಕರ ಭಾವಚಿತ್ರ, ಗಣ್ಯರ ಶುಭ ಸಂದೇಶ, ಮೊದಲ ಕಟ್ಟಡದ ಫೋಟೊ. ಮುಷ್ಕರ, ಮುಳುಗಿದ ಸಾಲ, ಕೆಲಸ ಕಳೆದುಕೊಂಡವರು ಅದರಲ್ಲಿ ಕಾಣಸಿಗುವುದು ಅಪರೂಪ. ಬೇರೆಲ್ಲೂ ಸಿಗದ ಚಿತ್ರಗಳಿರುವುದರಿಂದ ಈ ಸಂಚಿಕೆಗಳ ಬಗ್ಗೆ ನನಗೆ ಪ್ರೀತಿಯಿದೆ. ಆದರೂ ಅವನ್ನು ಚರಿತ್ರೆಯೆಂದು ಒಪ್ಪಲಾರೆ. ಹಾಗಾದರೆ ಕಂಪನಿಯೇ ಹಣ ಕೊಟ್ಟು ಬರೆಸಿದ್ದು ನಂಬಲರ್ಹವಾಗಬಹುದೇ? ಆಗಬಹುದು. ಅದಕ್ಕೆ ಕಂಪನಿ ಕಡತಗಳ ಕೋಣೆಯ ಬೀಗ ತೆಗೆಯಬೇಕು, ಏನನ್ನು ಪ್ರಕಟಿಸಬೇಕೆಂಬ ತೀರ್ಮಾನವನ್ನು ಬರೆಯುವವರಿಗೇ ಬಿಡಬೇಕು.

ಜರ್ಮನಿಯ ಬರ್ಟಲ್ಸ್‌ಮನ್ ಪ್ರಕಾಶನದ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 1835ರಲ್ಲಿ ಧಾರ್ಮಿಕ ಪುಸ್ತಕಗಳಿಂದ ಆರಂಭವಾದ ಈ ಸಂಸ್ಥೆ 1998ರಲ್ಲಿ ಅಮೆರಿಕದ ರ‍್ಯಾಂಡಮ್ ಹೌಸನ್ನು ಕೊಂಡಿತು. ನಾಜಿಗಳನ್ನು ಎದುರಿಸಿದ್ದಕ್ಕಾಗಿ 1944ರಲ್ಲಿ ತನ್ನ ಬಾಗಿಲು ಮುಚ್ಚಿಸಲಾಯಿತೆಂದು ಅದು ದಶಕಗಳಿಂದ ಹೇಳಿಕೊಂಡು ಬಂದಿತ್ತು. ಹೊರಗಿನ ಸಂಶೋಧಕರೊಬ್ಬರು ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಆಗ ಸಂಸ್ಥೆ ಇತಿಹಾಸಕಾರ ಸೌಲ್ ಫ್ರೀಡ್‌ಲ್ಯಾಂಡರ್ ಅವರ ನೇತೃತ್ವದಲ್ಲಿ ಸ್ವತಂತ್ರ ಆಯೋಗವನ್ನು ನೇಮಿಸಿತು. ಫ್ರೀಡ್‌ಲ್ಯಾಂಡರ್ ಅವರ ತಂದೆತಾಯಿ ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಕೊಲೆಯಾದವರು. ಇಂಥ ಇತಿಹಾಸಕಾರರ ಕೈಗೆ ತನ್ನ ಕಾಗದಪತ್ರಗಳನ್ನು ಒಪ್ಪಿಸುವುದು ಯಾವ ಸಂಸ್ಥೆಗೂ ಸುಲಭವಾಗಿರಲಿಲ್ಲ.

2002ರ ವರದಿ ಪ್ರತಿರೋಧದ ಕಥೆಯನ್ನು ಅಲ್ಲಗಳೆಯಿತು. ಜರ್ಮನ್ ಸೇನೆಗೆ ಅತಿ ಹೆಚ್ಚು ಪುಸ್ತಕ ಒದಗಿಸಿದ್ದು ಇದೇ ಪ್ರಕಾಶನ, ಸುಮಾರು 1.9 ಕೋಟಿ ಪ್ರತಿ. ಅದರ ಮಾಲೀಕರು ನಾಜಿ ಪಕ್ಷದ ಎಸ್‌ಎಸ್ ಪಡೆಗೆ ಹಣ ಕೊಡುವ ಪೋಷಕ ಸದಸ್ಯರಾಗಿದ್ದರು. ಅದರ ಮುದ್ರಣದ ಕೆಲಸ ನಡೆದ ಕೆಲವು ಕಡೆ ಯಹೂದಿಗಳನ್ನು ಬಲವಂತದಿಂದ ದುಡಿಸಲಾಗಿತ್ತು. ಸಂಸ್ಥೆ ವಿಷಾದ ವ್ಯಕ್ತಪಡಿಸಿತು, ವರದಿ ಎಲ್ಲರ ಕೈಗೆ ಸಿಕ್ಕಿತು. ತಾನೇ ದುಡ್ಡು ಕೊಟ್ಟು ತನ್ನ ಹೆಮ್ಮೆಯ ಕಥೆಯನ್ನು ಸುಳ್ಳೆಂದು ಸಾಬೀತು ಮಾಡಿಸಿಕೊಂಡ ಈ ಸಂಸ್ಥೆಯನ್ನು ಅಷ್ಟರಮಟ್ಟಿಗೆ ನಾನು ಗೌರವಿಸುತ್ತೇನೆ.

ಫೋಕ್ಸ್‌ವ್ಯಾಗನ್ ಕೂಡ ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಅವರಿಂದ ತನ್ನ ನಾಜಿ ಕಾಲದ ಚರಿತ್ರೆ ಬರೆಸಿತು. ಆ ಬೃಹತ್ ಗ್ರಂಥ 1996ರಲ್ಲಿ ಬಂದಿತು. ಅದರ ಸಹಲೇಖಕ ಮಾನ್‌ಫ್ರೆಡ್ ಗ್ರೀಗರ್ ಮುಂದೆ ಅದೇ ಕಂಪನಿಯ ಇತಿಹಾಸ ವಿಭಾಗದ ಮುಖ್ಯಸ್ಥರಾದರು. ಸಮೂಹಕ್ಕೇ ಸೇರಿದ ಆಡಿ ಕಾರು ಕಂಪನಿಯ ಪೂರ್ವಚರಿತ್ರೆ ಕುರಿತ ಅಧ್ಯಯನವೊಂದನ್ನು ಅವರು ಟೀಕಿಸಿದ್ದರು. 2016ರಲ್ಲಿ ಅವರು ಕಂಪನಿ ತೊರೆದರು. ಪರಸ್ಪರ ಒಪ್ಪಿಗೆಯಿಂದ ಎಂದಿತು ಕಂಪನಿ; ಆ ಟೀಕೆಯೇ ಕಾರಣವೆಂದು ಹಲವು ಇತಿಹಾಸಕಾರರು ಪ್ರತಿಭಟಿಸಿದರು. ಒಮ್ಮೆ ತೆರೆದ ಬಾಗಿಲು ತೆರೆದೇ ಇರುತ್ತದೆಂಬ ಖಾತರಿ ಯಾರಿಗೂ ಇಲ್ಲ.

ನಮ್ಮ ದೇಶದಲ್ಲೂ ಕಡತಗಳನ್ನು ಕಾಪಿಡುವ ಕೆಲಸ ಶುರುವಾಗಿದೆ. ರಿಸರ್ವ್ ಬ್ಯಾಂಕ್ 1981ರಲ್ಲಿ, ಟಾಟಾ ಸಮೂಹ 1991ರಲ್ಲಿ ದಾಖಲೆ ಸಂಗ್ರಹಾಲಯಗಳನ್ನು ಕಟ್ಟಿದವು. ಗೋದ್ರೆಜ್ ಮುಂಬಯಿಯಲ್ಲಿ ಕಟ್ಟಿದೆ.

ಇನ್ನು ನಮ್ಮ ಕರಾವಳಿಗೆ ಬರೋಣ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಇಷ್ಟು ಬ್ಯಾಂಕುಗಳು ಎದ್ದದ್ದು ಭಾರತದ ಆರ್ಥಿಕ ಚರಿತ್ರೆಯಲ್ಲೇ ವಿಶೇಷ. 1928ರಲ್ಲಿ ಸಿಂಡಿಕೇಟ್ ತಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು.

ವಿಲೀನವಾದಾಗ ಬೋರ್ಡು ಬದಲಾಗುತ್ತದೆ, ಎರಡು ಶಾಖೆ ಒಂದಾಗುತ್ತದೆ, ಹಳೆಯ ಲೆಡ್ಜರುಗಳಿಗೆ ಜಾಗ ಸಾಲದೆ ಹೋಗುತ್ತದೆ. ನನಗಿರುವ ಆತಂಕ ಇದೇ. ಆಡಳಿತ ಮಂಡಳಿಯ ನಡಾವಳಿಯಷ್ಟೇ ಉಳಿದರೆ ಸಾಲದು. ಸಾಲದ ಅರ್ಜಿಗಳು ಬೇಕು: ಯಾರಿಗೆ ಸಾಲ ಸಿಕ್ಕಿತು, ಯಾವ ಜಾತಿಯವರಿಗೆ, ಯಾವ ಬೀದಿಯವರಿಗೆ ಸಿಗಲಿಲ್ಲ, ಹೆಂಗಸರ ಹೆಸರಿನಲ್ಲಿ ಎಷ್ಟು ಖಾತೆಗಳಿದ್ದವು ಎಂಬುದು ಗೊತ್ತಾಗುವುದು ಅಲ್ಲಿಯೇ. 1969 ಮತ್ತು 1980ರ ರಾಷ್ಟ್ರೀಕರಣವನ್ನು ಕೌಂಟರಿನ ಹಿಂದೆ ಕುಳಿತು ಕಂಡವರು ಇಂದು ಹಿರಿಯ ನಿವೃತ್ತರು. ಪಿಗ್ಮಿ ಏಜೆಂಟರ ನೆನಪುಗಳು ಯಾವ ಕಡತದಲ್ಲೂ ಸಿಗುವುದಿಲ್ಲ.

ಈ ಸಭೆಯಲ್ಲಿ ಬ್ಯಾಂಕಿನ ಅಧಿಕಾರಿಗಳೂ ನಿವೃತ್ತರೂ ಇದ್ದೀರಿ. ಮುಂದಿನ ಮಹೋತ್ಸವಕ್ಕೆ ಕಾಯದೆ, ಹಿರಿಯರ ಮಾತುಗಳ ಧ್ವನಿಮುದ್ರಣವನ್ನು ಈ ವರ್ಷವೇ ಆರಂಭಿಸಿ. ಯಾವ ಶಾಖೆಯ ಕಡತವನ್ನು ವಿಲೇವಾರಿ ಮಾಡುವ ಮೊದಲೂ ಒಬ್ಬ ಇತಿಹಾಸಕಾರರು ಅದನ್ನು ನೋಡಲಿ. ಗ್ರಂಥ ಬರೆಸುವುದಾದರೆ, ಗ್ರಾಹಕರ ಗೌಪ್ಯತೆಯ ವಿಷಯ ಬಿಟ್ಟು ಬೇರೇನನ್ನೂ ತೆಗೆದುಹಾಕುವ ಹಕ್ಕು ಆಡಳಿತ ಮಂಡಳಿಗೆ ಇಲ್ಲವೆಂದು ಒಪ್ಪಂದದಲ್ಲೇ ಬರೆಯಿರಿ.