ಒತ್ತಡಕ್ಕೆ ಸೋಲುವ ಹೃದಯಸ್ನಾಯು

ಕೇಳುಗರೆಲ್ಲರಿಗೂ ನಮಸ್ಕಾರ. ಆಪ್ತರ ಸಾವಿನ ಸುದ್ದಿ ಕೇಳಿ ಎದೆ ಹಿಡಿದುಕೊಂಡು ಕುಸಿದವರನ್ನು ಆಸ್ಪತ್ರೆಗೆ ಕರೆತಂದಾಗ ಇಸಿಜಿಯಲ್ಲಿ ಹೃದಯಾಘಾತದ ಲಕ್ಷಣಗಳೇ ಕಾಣುತ್ತವೆ, ಹೃದಯಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪ್ರೋಟೀನಿನ ಪ್ರಮಾಣವೂ ಏರಿರುತ್ತದೆ. ಆದರೆ ಆಂಜಿಯೋಗ್ರಾಂ ಮಾಡಿದರೆ ಇಷ್ಟೆಲ್ಲಕ್ಕೂ ಕಾರಣವೆನ್ನಬಹುದಾದ ಅಡಚಣೆ ರಕ್ತನಾಳಗಳಲ್ಲಿ ಸಿಗದೆ ಹೋಗುವುದುಂಟು. 1990ರಲ್ಲಿ ಜಪಾನಿನ ವೈದ್ಯರು ಮೊದಲು ವಿವರಿಸಿದ ಈ ಸ್ಥಿತಿಯನ್ನು ತಾಕೊತ್ಸುಬೊ ಎಂದು ಕರೆಯುತ್ತಾರೆ.

ಶಬ್ದತರಂಗಗಳಿಂದ ಹೃದಯದ ಚಲನೆಯನ್ನು ನೋಡುವ ಎಕೋ ಪರೀಕ್ಷೆಯಲ್ಲಿ, ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯ ತುದಿ ಬಲೂನಿನಂತೆ ಉಬ್ಬಿ ಅಲುಗಾಡದೆ ನಿಂತಿರುತ್ತದೆ. ಬುಡದ ಭಾಗ ಮಾತ್ರ ಎಂದಿಗಿಂತ ಬಿರುಸಾಗಿ ಸಂಕುಚಿಸುತ್ತಿರುತ್ತದೆ. ಒತ್ತಡದ ವೇಳೆ ಉಕ್ಕಿ ಹರಿಯುವ ಅಡ್ರಿನಲಿನ್ ಬಳಗದ ರಾಸಾಯನಿಕಗಳೇ ಸ್ನಾಯುವನ್ನು ಹೀಗೆ ಮಂಕಾಗಿಸುತ್ತವೆ ಎಂಬುದು ಸದ್ಯದ ಪ್ರಬಲ ವಿವರಣೆ. ರೋಗಿಗಳಲ್ಲಿ ಸುಮಾರು ಶೇ. 90ರಷ್ಟು ಮಂದಿ ಮಹಿಳೆಯರು, ಅವರಲ್ಲೂ ಮುಟ್ಟು ನಿಂತವರೇ ಹೆಚ್ಚು. ಶೋಕವೊಂದೇ ಇದಕ್ಕೆ ಕಾರಣವಲ್ಲ. ಪಾರ್ಶ್ವವಾಯು, ಶಸ್ತ್ರಚಿಕಿತ್ಸೆ, ತೀವ್ರ ಸೋಂಕು, ಅಪರೂಪಕ್ಕೆ ಅತಿಯಾದ ಸಂತೋಷವೂ ಇದನ್ನು ಕೆರಳಿಸಬಹುದು; ಕೆಲವರಲ್ಲಿ ಯಾವ ಕಾರಣವೂ ಗೊತ್ತಾಗುವುದಿಲ್ಲ.

ಬಹುತೇಕರ ಹೃದಯ ಕೆಲವು ದಿನ ಅಥವಾ ವಾರಗಳಲ್ಲಿ ಮೊದಲಿನ ಬಲಕ್ಕೆ ಮರಳುವುದರಿಂದ ಇದು ನಿರಪಾಯಕಾರಿ ಕಾಯಿಲೆಯೆಂಬ ಹೆಸರು ಪಡೆದಿದೆ. ಆ ಹೆಸರಿಗೆ ಇದು ಅರ್ಹವಲ್ಲ ಎಂದೇ ಹೇಳಬೇಕು. ಮೊದಲ ಕೆಲವು ದಿನಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗಬಹುದು, ಹೃದಯದ ಬಡಿತ ಮಾರಕವಾಗಿ ಲಯ ತಪ್ಪಬಹುದು, ಚಲನೆಯಿಲ್ಲದ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮೆದುಳಿಗೆ ಸಾಗಿ ಪಾರ್ಶ್ವವಾಯು ತರಬಹುದು.

ಎಲ್ಲಕ್ಕಿಂತ ನಾಜೂಕಾದದ್ದು ರಕ್ತದೊತ್ತಡ ಕುಸಿದಾಗಿನ ಚಿಕಿತ್ಸೆ. ಬುಡದ ಸ್ನಾಯು ಅತಿಯಾಗಿ ಬಿಗಿದು, ರಕ್ತ ಮಹಾಪಧಮನಿಗೆ ಹೊರಡುವ ದಾರಿಯನ್ನೇ ಇಕ್ಕಟ್ಟಾಗಿಸಿದ್ದರೆ, ಹೃದಯದ ಬಡಿತಕ್ಕೆ ಬಲ ತುಂಬಲೆಂದು ಸಾಮಾನ್ಯವಾಗಿ ಕೊಡುವ ಡೊಬುಟಮಿನ್‌ನಂತಹ ಔಷಧ ಆ ದಾರಿಯನ್ನು ಇನ್ನಷ್ಟು ಕಿರಿದಾಗಿಸಿ ರೋಗಿಯ ಸ್ಥಿತಿಯನ್ನು ಹದಗೆಡಿಸುತ್ತದೆ. ಆದ್ದರಿಂದ ರಕ್ತದೊತ್ತಡ ಇಳಿದ ಕಾರಣವನ್ನು ಎಕೋ ಮೂಲಕ ಅರಿತ ಮೇಲೆಯೇ ಔಷಧದ ಆಯ್ಕೆ.

ಮನೆಗೆ ಮರಳಿದವರಿಗೂ ಕೆಲವು ವಾರಗಳ ನಂತರ ಮತ್ತೊಮ್ಮೆ ಎಕೋ ಮಾಡಿ, ಸ್ನಾಯು ಚೇತರಿಸಿದೆಯೇ ಎಂದು ನೋಡುತ್ತಾರೆ. ಕೆಲವರಲ್ಲಿ ವರ್ಷಗಳ ನಂತರ ಇದು ಮರುಕಳಿಸುತ್ತದೆ. ಅದನ್ನು ಖಚಿತವಾಗಿ ತಡೆಯುವ ಔಷಧ ಇನ್ನೂ ದೊರೆತಿಲ್ಲ.