ಹಳೇ ಕಾರು, ಹೊಸ ಲೈಸೆನ್ಸು

ಕೇಳುಗರಿಗೆಲ್ಲ ನಮಸ್ಕಾರ. ಈ ಮಾತು ಯಾರಿಗೆ ಅಂತ ಮೊದಲೇ ಹೇಳಿಬಿಡ್ತೀನಿ. ನಿಮ್ಮ ಮನೆ ಮುಂದೆ ಒಂದು ಹಳೇ ಆಲ್ಟೊನೋ, ಸ್ಯಾಂಟ್ರೋನೋ, ವ್ಯಾಗನ್ ಆರೋ ನಿಂತಿದೆ. ಮಗನಿಗೋ ಮಗಳಿಗೋ ಹದಿನೆಂಟು ತುಂಬಿ ಲೈಸೆನ್ಸ್ ಬಂದಿದೆ. ಹೊಸ ಕಾರಿಗೆ ಈಗ್ಲೇ ಸಾಲ ಯಾಕೆ, ಇದನ್ನೇ ಸ್ವಲ್ಪ ರೆಡಿ ಮಾಡ್ಸಿ ಕೊಡೋಣ ಅಂತ ಮನೇಲಿ ಮಾತಾಗಿದೆ. ನೀವೇ, ನಿಮಗೇ ಹೇಳ್ತಿರೋದು.

ಯೋಚನೆ ಒಳ್ಳೇದೇ. ಕಲಿಯೋರಿಗೆ ಚಿಕ್ಕ ಕಾರಿಗಿಂತ ಒಳ್ಳೇದು ಇನ್ನೊಂದಿಲ್ಲ. ಸಂದೀಲಿ ನುಗ್ಗುತ್ತೆ, ಹಿಂದೆ ತೆಗೆಯೋಕೆ ಸುಲಭ, ಸಾಮಾನು ಶಿರಾದಲ್ಲೂ ಸಿಗುತ್ತೆ, ಪಾವಗಡದಲ್ಲೂ ಸಿಗುತ್ತೆ. ಆದ್ರೆ ನಮ್ಮ ಗ್ಯಾರೇಜಿಗೆ ಬರೋವಾಗ ಹುಡುಗರು ಒಂದು ಪಟ್ಟಿ ತರ್ತಾರೆ ನೋಡಿ, ಅಲ್ಲೇ ನನ್ನ ತಲೆ ಕೆಡೋದು. ಅಲಾಯ್ ವೀಲು, ಟಚ್ ಸ್ಕ್ರೀನು, ವೂಫರು, ಎರಡು ಸ್ವರದ ಹಾರನ್ನು, ಗಾಜಿಗೆ ಕಪ್ಪು ಹಾಳೆ. ಆ ಪಟ್ಟೀಲಿ ಕಾರನ್ನ ನಿಲ್ಲಿಸೋ ಸಾಮಾನು ಒಂದೂ ಇರಲ್ಲ! ಕಾರು ಮೊದಲು ನಿಲ್ಲಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ನಿಲ್ಲೋದು ಅಂದ್ರೆ ಟೈರು ಮತ್ತು ಬ್ರೇಕು. ಟೈರಿಂದ ಶುರು ಮಾಡ್ತೀನಿ. ಮನೆ ಕಾರು ಹೆಚ್ಚು ಓಡಿರಲ್ಲ, ಟೈರಲ್ಲಿ ಗೆರೆ ಆಳವಾಗೇ ಇರುತ್ತೆ, ಅದಕ್ಕೇ "ಟೈರ್ ಹೊಸದಿದ್ದ ಹಾಗೇ ಇದೆ ಸಾರ್" ಅಂತಾರೆ. ಇಲ್ಲ ಸ್ವಾಮಿ. ರಬ್ಬರಿಗೂ ವಯಸ್ಸಾಗುತ್ತೆ. ಟೈರಿನ ಪಕ್ಕದಲ್ಲಿ ಅಕ್ಷರ ಇರುತ್ತಲ್ಲ, ಡಿ ಓ ಟಿ ಅಂತ ಬರೆದಿರೋ ಸಾಲು, ಅದರ ಕೊನೇಲಿ ನಾಲ್ಕು ಅಂಕಿ ಇರುತ್ತೆ. 2318 ಅಂತಿದ್ರೆ 2018ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಹೊರಗಡೆ ಕಾಣದಿದ್ರೆ ಒಳಪಕ್ಕ ಟಾರ್ಚ್ ಹಾಕಿ ನೋಡಿ. ಆರು ವರ್ಷ ದಾಟಿದ್ಯಾ? ಬದಲಾಯಿಸಿ. ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಆಗಿದ್ಯಾ? ಅದನ್ನೂ ಬದಲಾಯಿಸಿ. ಹೊಸದು ಹಾಕೋವಾಗ ಕಂಪನಿ ಕೊಟ್ಟ ಅಳತೇನೇ ಹಾಕ್ಸಿ. ಹೆಚ್ಚಿನ ಹಳೇ ಆಲ್ಟೊಗಳಿಗೆ 145/80 ಆರ್ 12. ಅಗಲದ ಟೈರು ಹಾಕಿದ್ರೆ ಸ್ಟೇರಿಂಗ್ ಭಾರ ಆಗುತ್ತೆ, ತಿರುಗಿಸಿದಾಗ ಒಳಗೆ ಉಜ್ಜುತ್ತೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ.

ಈಗ ಬ್ರೇಕು. ಇದಕ್ಕೊಂದು ಕತೆ ಇದೆ, ಹೇಳ್ದೆ ಇರೋಕಾಗಲ್ಲ.

ಗುಬ್ಬಿ ಕಡೆಯ ತೆಂಗಿನ ತೋಟದವರೊಬ್ಬರು. ಹೆಸರು ಬೇಡ, ಅವರ ಮನೇಲೂ ರೇಡಿಯೋ ಹಾಕಿರ್ತಾರೆ. ಮಗ ಇಂಜಿನಿಯರಿಂಗ್ ಓದ್ತಿದ್ದ. ಅಪ್ಪನ ಹಳೇ ಆಲ್ಟೊ ಕೈಗೆ ಬಂತು. ಕೊಟ್ಟ ದುಡ್ಡೆಲ್ಲ ಅಲಾಯ್ ವೀಲಿಗೆ, ಡಿಕ್ಕಿ ತುಂಬ ವೂಫರಿಗೆ ಸುರಿದ. "ಲೋ, ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತೋ?" ಅಂತ ಕೇಳಿದೆ. "ಅಂಕಲ್, ಬ್ರೇಕ್ ಚೆನ್ನಾಗೇ ಹಿಡೀತಿದೆ" ಅಂದ. ತುಮಕೂರಿನ ಬಿ.ಎಚ್. ರಸ್ತೇಲಿ ಆಟೋ ಹಿಂದೆ ತೆವಳ್ಕೊಂಡು ಹೋಗೋವಾಗ ಯಾವ ಬ್ರೇಕಾದ್ರೂ ಹಿಡಿಯುತ್ತೆ ಬಿಡಿ.

ಒಂದು ಭಾನುವಾರ ಅಪ್ಪ, ಅಮ್ಮ, ಅಜ್ಜಿ ಮೂರೂ ಜನರನ್ನ ಕೂರಿಸ್ಕೊಂಡು ದೇವರಾಯನದುರ್ಗ ಹತ್ತಿದ್ದಾನೆ. ಮೇಲೆ ಯೋಗಾನರಸಿಂಹನ ದರ್ಶನ ಆಗಿದೆ. ಇಳಿಯೋವಾಗ ಪೆಟ್ರೋಲ್ ಉಳಿಯುತ್ತೆ ಅಂತ ಗೇರ್ ತೆಗೆದು ನ್ಯೂಟ್ರಲ್ ಮಾಡಿದ್ದಾನೆ, ಬ್ರೇಕಿನ ಮೇಲಿಂದ ಕಾಲು ತೆಗೆದೇ ಇಲ್ಲ. ಒಂದಷ್ಟು ತಿರುವು ಇಳಿಯೋದ್ರೊಳಗೆ ಪೆಡಲ್ಲು ಮೆತ್ತಗಾಗಿದೆ, ಆಮೇಲೆ ಒತ್ತಿದ್ರೆ ಸೀದಾ ತಳಕ್ಕೇ ಹೋಗಿದೆ. ಹಿಂದಿನ ಸೀಟಲ್ಲಿ ಅಜ್ಜಿ "ನರಸಿಂಹಾ, ನರಸಿಂಹಾ" ಅಂತಿದ್ದಾರೆ. ಅಪ್ಪ ಟ್ರ್ಯಾಕ್ಟರ್ ಓಡಿಸಿದ ಜನ, "ಗೇರ್ ಹಾಕೋ ಮೊದ್ಲು" ಅಂತ ಗದರಿದ್ದಾರೆ. ಹುಡುಗ ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು, ಗುಡ್ಡದ ಕಡೆಯ ಮೋರಿಗೆ ಎಡಗಡೆ ಚಕ್ರ ಇಳಿಸಿ ನಿಲ್ಲಿಸಿದ್ದಾನೆ.

ನನಗೆ ಫೋನ್ ಬಂತು. ಅಲ್ಲಾಡಬೇಡಿ ಅಂತ ಹೇಳಿ ನಮ್ಮ ಹುಡುಗನ್ನ ಕರ್ಕೊಂಡು ಹೋದೆ. ಹೋಗೋಷ್ಟರಲ್ಲಿ ಪೆಡಲ್ಲು ತಾನಾಗೇ ಗಟ್ಟಿ ಆಗಿತ್ತು! ಅಜ್ಜಿ ದೇವರ ಮಹಿಮೆ ಅಂದ್ರು. ನಾನು ಚಕ್ರದ ಹತ್ತಿರ ಬ್ರೇಕ್ ಆಯಿಲ್ ಇಳಿಸೋ ನಿಪ್ಪಲ್ಲು ಸಡಿಲಿಸಿ ಒಂದು ನೀರಿನ ಬಾಟಲಿಗೆ ಬಸಿದೆ. ಕಾಫಿ ಡಿಕಾಕ್ಷನ್ ಥರ ಕಪ್ಪಗೆ ಇಳೀತು. ಹೊಸ ಬ್ರೇಕ್ ಆಯಿಲ್ ತಿಳಿಯಾಗಿರುತ್ತೆ, ಸ್ವಲ್ಪ ಹಳದಿ ಅಷ್ಟೆ.

ಆಗಿದ್ದೇನು ಅಂದ್ರೆ, ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ. ಡಬ್ಬಿ ಮೇಲೆ ಡಾಟ್ 3 ಅಂತ ಬರೆದಿರೋ ದರ್ಜೆಯ ಹೊಸ ಆಯಿಲ್ 205 ಡಿಗ್ರಿ ತನಕ ಕುದಿಯಲ್ಲ. ನೀರು ಸೇರಿದ್ದು 140 ಡಿಗ್ರಿ ಸುಮಾರಿಗೇ ಕುದಿಯೋಕೆ ಶುರು. ಇಳಿಜಾರಲ್ಲಿ ಒತ್ತಿಹಿಡಿದ ಬ್ರೇಕು ಅಷ್ಟು ಕಾಯೋದು ಏನೂ ದೊಡ್ಡ ಮಾತಲ್ಲ. ಕುದ್ರೆ ಪೈಪೊಳಗೆ ಆವಿ ತುಂಬುತ್ತೆ. ನೀವು ಎಷ್ಟು ತುಳಿದ್ರೂ ಆವಿ ಕುಗ್ಗುತ್ತೆ ಹೊರತು ಒತ್ತಡ ಚಕ್ರಕ್ಕೆ ಹೋಗಲ್ಲ. ತಣ್ಣಗಾದ ಮೇಲೆ ಆವಿ ಇಳಿಯುತ್ತೆ, ಪೆಡಲ್ಲು ವಾಪಸ್ ಬರುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬಸಿದು ಹೊಸದು ಹಾಕ್ಸಿ. ಮೇಲೆ ಮೇಲೆ ತುಂಬಿಸೋದಲ್ಲ, ಪೂರ್ತಿ. ಖರ್ಚು ವೂಫರಿನ ವೈರಿನಷ್ಟೂ ಆಗಲ್ಲ. ಹಾಗೇ ಬೆಟ್ಟ ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ, ಆಗ ಇಂಜಿನ್ನೂ ಕಾರನ್ನ ಹಿಡ್ಕೊಳ್ಳುತ್ತೆ.

ಕತೆ ಉದ್ದ ಆಯ್ತು, ಸ್ಟುಡಿಯೋ ಗಾಜಿನಾಚೆಯಿಂದ ಟೈಮಾಯ್ತು ಅಂತ ಕೈ ತೋರಿಸ್ತಿದ್ದಾರೆ. ಬೇಗ ಬೇಗ ಹೇಳ್ತೀನಿ.

ಬ್ರೇಕ್ ಆಯಿಲ್ ಬದಲಾಯಿಸೋವಾಗ್ಲೇ ಚಕ್ರ ಹಿಡಿದು ನಿಲ್ಲಿಸೋ ಮುಂದಿನ ಪ್ಯಾಡು, ಹಿಂದಿನ ಶೂ ಬಿಚ್ಚಿ ತೋರ್ಸಿ ಅಂತ ಕೇಳಿ. ಮೇಸ್ತ್ರಿ ಬಿಚ್ಚದೇ "ಚೆನ್ನಾಗಿದೆ" ಅಂದ್ರೆ ಬೇರೆ ಮೇಸ್ತ್ರಿ ನೋಡ್ಕೊಳ್ಳಿ. ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್ಸು ಎಲ್ಲ ಹೊಸ ಕಾರಿಗೂ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ನಿಮ್ಮ ಹಳೇ ಕಾರಲ್ಲಿ ಅದು ಇಲ್ಲದೇ ಇರೋದೇ ಹೆಚ್ಚು. ಅದಿಲ್ಲದ ಕಾರಲ್ಲಿ ಜೋರಾಗಿ ತುಳಿದ್ರೆ ಚಕ್ರ ಲಾಕ್ ಆಗಿ ಜಾರುತ್ತೆ, ಸ್ಟೇರಿಂಗ್ ತಿರುಗಿಸಿದ್ರೂ ಕಾರು ತಿರುಗಲ್ಲ. ಜಾರಿದ ತಕ್ಷಣ ಕಾಲು ಸಡಿಲಿಸಿ ಮತ್ತೆ ತುಳೀಬೇಕು. ಇದನ್ನ ಖಾಲಿ ಮೈದಾನದಲ್ಲಿ ಮಗಳ ಪಕ್ಕ ಕೂತು ಮಾಡ್ಸಿ. ಕ್ಯಾತ್ಸಂದ್ರದ ಹತ್ತಿರ ಹೈವೇಲಿ ಕಲಿಯೋ ವಿದ್ಯೆ ಅಲ್ಲ ಇದು.

ಹೆಡ್‌ಲೈಟು. ಹಳದಿ ಕಟ್ಟಿದ ಗಾಜನ್ನ ಪಾಲಿಶ್ ಮಾಡ್ಸಿ, ಅರ್ಧ ಸಮಸ್ಯೆ ಹೋಗುತ್ತೆ. ಬಲ್ಬು 60/55 ವ್ಯಾಟೇ ಇರಲಿ. 100/90 ಹಾಕಿದ್ರೆ ಹೋಲ್ಡರ್ ಕರಗುತ್ತೆ, ಎದುರಿನವನ ಕಣ್ಣೂ ಕಟ್ಟುತ್ತೆ. ಬೆಳಕು ಸಾಲದಿದ್ರೆ ಒಳ್ಳೇ ವೈರು, ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಕೊಡೋ ರಿಲೇ ಹಾಕ್ಸಿ. ಸೀಟ್ ಬೆಲ್ಟು ಎಳೆದು ಬಿಟ್ರೆ ತಾನೇ ಸುತ್ಕೋಬೇಕು, ಇಲ್ಲಾಂದ್ರೆ ಬದಲಾಯಿಸಿ. ಮುಂದೆ ಕಬ್ಬಿಣದ ಗಾರ್ಡ್ ಇದ್ರೆ ತೆಗೆಸಿ. ಹದಿನೈದು ವರ್ಷ ಆಗಿರೋ ಕಾರಾದ್ರೆ ಮೊದಲು ಆರ್‌ಟಿಓದಲ್ಲಿ ನೋಂದಣಿ ನವೀಕರಣ ಮಾಡ್ಸಿ, ಐದು ವರ್ಷಕ್ಕೆ ಕೊಡ್ತಾರೆ. ಹಾಡು ಕೇಳೋ ಪೆಟ್ಟಿಗೆ ಬೇಡ ಅಂತ ನಾನೆಲ್ಲಿ ಹೇಳಿದೆ? ದುಡ್ಡು ಮಿಕ್ಕಿದ್ರೆ ಹಾಕ್ಸಿ. ಮೊದಲು ಕಾರು ನಿಲ್ಲಲಿ.

ಹಾಂ, ಇನ್ನೊಂದು. ಡಿಕ್ಕೀಲಿರೋ ಸ್ಟೆಪ್ನಿಯ ನಾಲ್ಕು ಅಂಕಿಯನ್ನೂ ಓದಿ. ಎಷ್ಟೋ ಕಾರಲ್ಲಿ ಅದು ಕಾರು ಕೊಂಡ ದಿನದ್ದೇ ಇರುತ್ತೆ, ಗಾಳಿ ಕೂಡ ಇರಲ್ಲ. ಇವತ್ತೇ ನೋಡಿ. ನಮಸ್ಕಾರ.