ಆಂಕೋರ್ ವಾಟ್‌ನಲ್ಲಿ ಅಮ್ಮನ ಅಪ್ರದಕ್ಷಿಣೆ

ನೀವು ಈಗ ನೋಡುತ್ತಿರುವುದು ಬರೀ ಕತ್ತಲೆ. ಕ್ಯಾಮೆರಾ ಕೆಟ್ಟಿಲ್ಲ. ಬೆಳಗಿನ ಜಾವ 5 ಗಂಟೆ ದಾಟಿದೆ. ಕಾಂಬೋಡಿಯಾದ ಸಿಯೆಮ್ ರೀಪ್ ಊರಿನ ಹತ್ತಿರ, ಆಂಕೋರ್ ವಾಟ್ ದೇವಸ್ಥಾನದ ಎದುರಿನ ಕೊಳದ ದಂಡೆಯಲ್ಲಿ ನಿಂತಿದ್ದೇವೆ. ನಾನು, ಅಮ್ಮ, ನಮ್ಮ ಟೂರ್ ಗುಂಪಿನವರು, ಜೊತೆಗೆ ಫೋನ್ ಎತ್ತಿ ಹಿಡಿದ ಒಂದು ಜಾತ್ರೆಯಷ್ಟು ಜನ. ಗೋಪುರಗಳ ಹಿಂದಿನಿಂದ ಸೂರ್ಯ ಬರಬೇಕು, ನೀರಿನಲ್ಲಿ ಇನ್ನೊಂದು ಆಂಕೋರ್ ವಾಟ್ ಕಾಣಬೇಕು. ಆ ಫೋಟೋ ನೀವೂ ನೋಡಿರುತ್ತೀರಿ, ಅಲ್ವಾ?

ಬಂದದ್ದು ಮೋಡ. ಆಕಾಶ ಕಪ್ಪಿನಿಂದ ಬೂದಿ ಬಣ್ಣಕ್ಕೆ ತಿರುಗಿತು, ಅಷ್ಟೇ. "ಇದಕ್ಕಾ ನನ್ನನ್ನ ನಾಲ್ಕು ಗಂಟೆಗೆ ಎಬ್ಬಿಸಿದ್ದು?" ಅಂದರು ಅಮ್ಮ.

ಹೋಟೆಲಿನವರು ಕೊಟ್ಟ ತಿಂಡಿ ಡಬ್ಬಿಯಲ್ಲಿ ಎರಡು ತುಂಡು ಬ್ರೆಡ್, ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಅಮ್ಮ ಬಾಳೆಹಣ್ಣು ಮಾತ್ರ ಇಟ್ಟುಕೊಂಡು, ಬ್ಯಾಗಿನಿಂದ ಹಾಸನದ ಚಕ್ಲಿ ತೆಗೆದರು. ಗೈಡಿಗೂ ಒಂದು ಕೊಟ್ಟರು. ಆ ಗೈಡಣ್ಣ ನನ್ನಷ್ಟೇ ವಯಸ್ಸಿನವರು, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ. ಚಕ್ಲಿ ಕಡಿದ ಮೇಲೆ ಅವರು ಇಡೀ ದಿನ ಅಮ್ಮನ ಪಕ್ಕದಲ್ಲೇ ನಡೆದರು. ಲಂಚ ಅಂತ ನೀವು ಕರೆಯಬಹುದು.

ಟಿಕೆಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ದಿನಕ್ಕೆ ಒಬ್ಬರಿಗೆ 37 ಡಾಲರ್. ಟಿಕೆಟ್ ಮೇಲೆ ನಮ್ಮದೇ ಫೋಟೋ ಅಚ್ಚಾಗಿರುತ್ತದೆ, ಒಬ್ಬರದ್ದು ಇನ್ನೊಬ್ಬರು ಬಳಸುವ ಹಾಗಿಲ್ಲ. ಸಂಜೆ 5ರ ಮೇಲೆ ತೆಗೆದುಕೊಂಡರೆ ಮರುದಿನಕ್ಕೆ ನಡೆಯುತ್ತದೆ. ನಾವು ಹಿಂದಿನ ಸಂಜೆಯೇ ತೆಗೆದುಕೊಂಡಿದ್ದೆವು.

ಪಶ್ಚಿಮದ ಕಡೆಯಿಂದ ಒಳಗೆ ಹೋಗಬೇಕು. ಸುತ್ತಲಿನ ಕಂದಕವೇ 190 ಮೀಟರ್ ಅಗಲ. ನಮ್ಮೂರ ಕೆರೆ ಇದರಲ್ಲಿ ಒಂದು ಮೂಲೆಗೆ ಸಾಲದು. ಅದನ್ನು ದಾಟಿದರೆ ಹೊರಬಾಗಿಲ ಮಂಟಪ. ಅಲ್ಲಿ ಬಲಗಡೆ ಎಂಟು ಕೈಗಳ ದೊಡ್ಡ ವಿಷ್ಣು ನಿಂತಿದ್ದಾನೆ. ಮೈಮೇಲೆ ಕಾವಿ ಬಟ್ಟೆ, ಮುಂದೆ ಊದಿನಕಡ್ಡಿ. ಊರಿನ ಜನ ಇವತ್ತಿಗೂ ಬಂದು ಕೈಮುಗಿಯುತ್ತಾರೆ, ಆದರೆ ವಿಷ್ಣು ಅಂತಲ್ಲ, 'ತಾ ರೀಚ್' ಅಂತ. ರೀಚ್ ಅಂದರೆ ರಾಜ. ತಾ ಅಂದರೆ ತಾತ.

"ತಾತನೇ ಸರಿ" ಅಂತ ಅಮ್ಮ ಚಪ್ಪಲಿ ಬಿಚ್ಚಿ ನಮಸ್ಕಾರ ಮಾಡಿದರು.

ಇದನ್ನು ಕಟ್ಟಿಸಿದವನು ಎರಡನೇ ಸೂರ್ಯವರ್ಮನ್. 1113ರಲ್ಲಿ ಪಟ್ಟಕ್ಕೆ ಬಂದವನು. ಗೈಡಣ್ಣ ಇಸವಿ ಹೇಳುತ್ತಿದ್ದ ಹಾಗೆ ನನ್ನ ತಲೆ ಬೇಲೂರಿಗೆ ಹೋಯಿತು. ಅಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಂದರೆ ನಮ್ಮ ಕಡೆ ವಿಷ್ಣುವರ್ಧನ ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದ ಕಾಲದಲ್ಲೇ ಇಲ್ಲಿ ಇನ್ನೊಬ್ಬ ರಾಜನೂ ಅದೇ ದೇವರಿಗೆ ಕಲ್ಲು ಹೊರಿಸುತ್ತಿದ್ದ. ಅಲ್ಲಿ ಬಳಪದ ಕಲ್ಲು, ಇಲ್ಲಿ ಕುಲೆನ್ ಬೆಟ್ಟದಿಂದ ಬಂದ ಮರಳುಗಲ್ಲು. ಅಲ್ಲಿ ಒಡವೆಯ ಒಂದೊಂದು ಮಣಿಯನ್ನೂ ಬಿಡದೆ ಕೊರೆದರು. ಇಲ್ಲಿ ಗೋಡೆಯನ್ನೇ ಸೀರೆಯ ಹಾಗೆ ಉದ್ದಕ್ಕೆ ಹಾಸಿಬಿಟ್ಟಿದ್ದಾರೆ.

ಆ ಗೋಡೆಗೇ ಬರುತ್ತೇನೆ. ನಾನು ಈ ವಿಡಿಯೋ ಮಾಡಿದ್ದೇ ಅದಕ್ಕೆ.

ದೇವಸ್ಥಾನದ ಸುತ್ತ ಉದ್ದನೆಯ ಕೈಸಾಲೆ ಇದೆ. ಅದರ ಒಳಗೋಡೆ ತುಂಬ ಉಬ್ಬುಶಿಲ್ಪ. ಬಲಕ್ಕೆ ತಿರುಗಿದ ಕೂಡಲೇ ಸಿಗುವುದು ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು, ನಡುವೆ ಕಾಲಾಳು, ಕುದುರೆ, ರಥ ಎಲ್ಲ ಕಲಸಿಹೋಗಿದೆ. ಗೈಡಣ್ಣ ಬಾಯಿ ತೆರೆಯುವ ಮೊದಲೇ ಅಮ್ಮ ಬೆರಳು ತೋರಿಸಿದರು. "ಅಗೋ ಭೀಷ್ಮ!" ಮೇಲ್ಗಡೆ, ಮೈತುಂಬ ಬಾಣ ಚುಚ್ಚಿಸಿಕೊಂಡು ಮಲಗಿದ್ದಾನೆ. ಈ ಕ್ಲಿಪ್ ನೋಡಿ, ಕೆಳಗಿನ ಸಾಲಿನ ಕಲ್ಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ. ವರ್ಷಗಟ್ಟಲೆ ಜನ ಮುಟ್ಟಿ ಮುಟ್ಟಿ ಆದ ಹೊಳಪು. ಈಗ ಯಾರೂ ಮುಟ್ಟಬೇಡಿ ಅಂತಾರೆ, ಮುಟ್ಟಬೇಡಿ.

ಮೂಲೆ ತಿರುಗಿದರೆ ಸೂರ್ಯವರ್ಮನೇ ಕಾಣುತ್ತಾನೆ, ತಲೆಯ ಮೇಲೆ ಸತ್ತಿಗೆಗಳ ಸಾಲು. ಅಲ್ಲಿ ಅಮ್ಮ ಥಟ್ಟನೆ ನಿಂತರು.

"ಏನೇ ಇದು? ನಾವು ಅಪ್ರದಕ್ಷಿಣೆ ಬರ್ತಾ ಇದೀವಲ್ಲೇ!"

ನೋಡಿದರೆ ಹೌದು. ಗರ್ಭಗುಡಿ ನಮ್ಮ ಎಡಕ್ಕಿದೆ. ನಾನು ಗಮನಿಸಿಯೇ ಇರಲಿಲ್ಲ. ಗುಂಪಿನಲ್ಲಿದ್ದ ಯಾರೂ ಗಮನಿಸಿರಲಿಲ್ಲ. ಗೈಡ್ ದಾರಿ ತಪ್ಪಿಸಿದ್ದಾರೆ ಅಂದುಕೊಂಡು ನಾನು ಕೇಳಿದೆ. ಅವರ ಮುಖ ಅರಳಿತು. ಈ ಗೋಡೆಯ ಕೆತ್ತನೆಗಳನ್ನು ನೋಡಬೇಕಾದ ಕ್ರಮವೇ ಹಾಗಂತೆ, ಎಡಸುತ್ತು. ಬೇರೆ ಗುಡಿಗಳು ಹೆಚ್ಚಾಗಿ ಪೂರ್ವಕ್ಕಿದ್ದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಎಡಸುತ್ತು, ಸೂರ್ಯ ಮುಳುಗುವ ದಿಕ್ಕು, ಎರಡೂ ಸಾವಿಗೆ ಸೇರಿದ್ದು, ಹಾಗಾಗಿ ಇದು ಸತ್ತ ಮೇಲೆ ರಾಜನಿಗಾಗಿ ಅಂತಲೇ ಕಟ್ಟಿದ್ದು ಅನ್ನುವ ವಿದ್ವಾಂಸರಿದ್ದಾರೆ. ಎಲ್ಲರೂ ಒಪ್ಪುವುದಿಲ್ಲ.

ಅಮ್ಮನಿಗೆ ಇದು ಹಿಡಿಸಲಿಲ್ಲ. ಆದರೂ ನಡೆದರು, ಸೆರಗು ಹೊದ್ದುಕೊಂಡು.

ಮುಂದೆ ಸ್ವರ್ಗ-ನರಕದ ಸಾಲು. ಕೋಣದ ಮೇಲೆ ಯಮ, ಲೆಕ್ಕ ಬರೆಯುವ ಚಿತ್ರಗುಪ್ತ, ಕೆಳಗೆ 32 ನರಕ. ಮೂಗಿಗೆ ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಿದ್ದಾರೆ. ಮೇಲಿನ ಸ್ವರ್ಗದ ಮುಂದೆ ನಮ್ಮ ಗುಂಪಿನವರು ಒಬ್ಬರೂ ನಿಲ್ಲಲಿಲ್ಲ, ಎಲ್ಲರಿಗೂ ನರಕವೇ ಬೇಕು!

ಆಮೇಲೆ ಪೂರ್ವದ ಕೈಸಾಲೆ. ಸಮುದ್ರಮಥನ. 49 ಮೀಟರ್ ಉದ್ದ, ಒಂದೇ ಚಿತ್ರ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ಎಲ್ಲರೂ ಒಂದೇ ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ಎಲ್ಲರ ಮೊಣಕಾಲೂ ಒಂದೇ ಕೋನದಲ್ಲಿ ಬಗ್ಗಿದೆ. ನಡುವೆ ಮಂದರ ಪರ್ವತದ ಕಡಗೋಲು, ಅಡಿಗೆ ಆಮೆ. ನೀರಿನ ಭಾಗ ನೋಡಿ, ಕಡಗೋಲಿನ ಹತ್ತಿರ ಬಂದ ಮೀನು ಮೊಸಳೆಗಳೆಲ್ಲ ತುಂಡು ತುಂಡಾಗಿವೆ. ಮಿಕ್ಸಿಗೆ ಸಿಕ್ಕ ಹಾಗೆ. ಮೇಲಿನ ಚಾವಣಿ ಸೋರಿ ಈ ಕೆತ್ತನೆ ಹಾಳಾಗುತ್ತಿತ್ತಂತೆ. ಕಲ್ಲುಗಳನ್ನು ಬಿಚ್ಚಿ, ಮತ್ತೆ ಜೋಡಿಸಿ, 2012ರಲ್ಲಿ ಕೆಲಸ ಮುಗಿಸಿದ್ದಾರೆ.

ಅಮ್ಮ ಮೆಲ್ಲಗೆ ವಾಸುಕಿಯ ಬಾಲದ ತುದಿಯವರೆಗೂ ನಡೆದು ಹೋದರು. ಅಲ್ಲೊಂದು ಕೋತಿ. ದೇವತೆಗಳ ಕಡೆಯ ಕೊನೆಯಲ್ಲಿ, ಬಾಲ ಹಿಡಿದು ನಿಂತಿದೆ.

"ಇದ್ಯಾರು?"

"ಹನುಮಾನ್" ಅಂದರು ಗೈಡಣ್ಣ.

"ಹನುಮಂತ ಸಮುದ್ರಮಥನಕ್ಕೆ ಎಲ್ಲಿ ಬಂದ? ಅವನು ಹುಟ್ಟಿದ್ದೇ ತ್ರೇತಾಯುಗದಲ್ಲಿ. ಕೇಳೇ ಅವರನ್ನ."

ಕೇಳಿದೆ. ಗೈಡಣ್ಣ ಕೆನ್ನೆ ಕೆರೆದುಕೊಂಡರು. ಅದು ಸುಗ್ರೀವ ಅನ್ನುವವರೂ ಇದ್ದಾರಂತೆ. ಅಸುರರ ಕಡೆ ಬಹಳ ತಲೆಗಳವನೊಬ್ಬ ಇದ್ದಾನೆ, ಅವನನ್ನು ರಾವಣ ಅನ್ನುತ್ತಾರಂತೆ. "ಅವನೂ ಬಂದ್ನಾ!" ಅಂದರು ಅಮ್ಮ. ಕೊನೆಗೆ ಗೈಡಣ್ಣ ಹೇಳಿದ್ದು ಇಷ್ಟೇ, ನಮ್ಮಲ್ಲಿ ಕಥೆ ಹೀಗಿದೆ.

ಅದೇ ಹೊತ್ತಿಗೆ ಗುಂಪಿನಲ್ಲಿದ್ದ ಒಬ್ಬ ಅಂಕಲ್, ಅವರೂ ಭಾರತದವರೇ, ಜೋರಾಗಿ "ಇದೆಲ್ಲಾ ನಮ್ಮದೇ, ಇವರಿಗೇನು ಗೊತ್ತು" ಅಂದರು. ನನಗೆ ಮುಜುಗರ ಆಯಿತು. ಈ ದೇಶದ ಬಾವುಟದ ನಡುವೆ ಇರುವುದೇ ಈ ಗುಡಿ. ನಮ್ಮ ಪುರಾತತ್ವ ಇಲಾಖೆಯವರು 1986ರಿಂದ 1993ರವರೆಗೆ ಇಲ್ಲಿ ಕೆಲಸ ಮಾಡಿದ್ದಾರೆ ನಿಜ. ಅದಕ್ಕೆ ಹೊಗಳಿಕೆಯೂ ಬಂತು, ರಾಸಾಯನಿಕ ಹಾಕಿ ಕಲ್ಲು ತೊಳೆದರು ಅಂತ ಬೈಗುಳವೂ ಬಂತು. ಗೈಡಣ್ಣ ಅಂಕಲ್‌ಗೆ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು.

ಇನ್ನು ನಡುವಿನ ಎತ್ತರದ ಭಾಗ, ಬಾಕನ್. ಮೆಟ್ಟಿಲು ಏಣಿಯ ಹಾಗಿದೆ. ಅಮ್ಮನ ಮಂಡಿಗೆ ಆಗುವ ಮಾತಲ್ಲ. ನನಗೆ ಬೇರೆ ಸಮಸ್ಯೆ. ತೋಳಿಲ್ಲದ ಟಾಪ್ ಹಾಕಿ ಮೇಲೆ ದುಪಟ್ಟಾ ಹೊದ್ದಿದ್ದೆ. ನಡೆಯಲ್ಲ ಅಂದರು, ತೋಳಿನ ಬಟ್ಟೆಯೇ ಬೇಕು. ಪುಣ್ಯಕ್ಕೆ ಗುಂಪಿನ ಒಬ್ಬ ಹುಡುಗಿ ತನ್ನ ಜಾಕೆಟ್ ಕೊಟ್ಟಳು. ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ಹತ್ತಿದೆ. ಮೇಲೆ ಗಾಳಿ, ಸುತ್ತ ಕಾಡು. ಕೆಳಗೆ ನೋಡಿದರೆ... ಈ ಕ್ಲಿಪ್ ಸ್ವಲ್ಪ ಅಲುಗಾಡಿದೆ, ಕ್ಷಮಿಸಿ. ಅಂಗಳದಲ್ಲಿ ಹಸಿರು ಸೀರೆ ಕಾಣುತ್ತಿದೆಯಲ್ಲ, ಅದು ಅಮ್ಮ. ಗೋಪುರವನ್ನು ಬಲಕ್ಕಿಟ್ಟುಕೊಂಡು ನಿಧಾನಕ್ಕೆ ಸುತ್ತು ಬರುತ್ತಿದ್ದಾರೆ. ಮೂರು ಸುತ್ತು. ಪಕ್ಕದಲ್ಲಿ ಗೈಡಣ್ಣ, ಅಮ್ಮನ ಚಪ್ಪಲಿ ಹಿಡಿದುಕೊಂಡು.

ಉಳಿದದ್ದು ಓಟ. ಹಳೆಯ ರಾಜಧಾನಿ ಆಂಕೋರ್ ಥಾಮ್‌ನ ದಕ್ಷಿಣ ಬಾಗಿಲಲ್ಲಿ ಸೇತುವೆಯ ಎರಡೂ ಬದಿಗೆ 54 ದೇವತೆ, 54 ಅಸುರರು ಹಾವು ಹಿಡಿದು ಕೂತಿದ್ದಾರೆ. "ಇಲ್ಲೂ ಕಡೀತಾನೇ ಇದಾರೆ" ಅಂದರು ಅಮ್ಮ. ಅದರ ನಡುವಿನ ಬಾಯೋನ್ ಗುಡಿಯಲ್ಲಿ ಎಲ್ಲಿ ನೋಡಿದರೂ ಕಲ್ಲಿನ ಮುಖ, ಎಲ್ಲವೂ ನಗುತ್ತಿವೆ, ಬಿಸಿಲಿಗೆ ನಾವು ಮಾತ್ರ ನಗುತ್ತಿರಲಿಲ್ಲ.

ವ್ಯಾನಿನಲ್ಲಿ ಗೈಡಣ್ಣ ಇಲ್ಲಿನ ಖ್ಮೇರ್ ಭಾಷೆಯ ವಾರಗಳನ್ನು ಹೇಳಿಕೊಟ್ಟರು. ಭಾನುವಾರ ಆತಿತ್, ಸೋಮವಾರ ಚಾನ್, ಬುಧವಾರ ಪುತ್, ಶುಕ್ರವಾರ ಸೊಕ್. ಅಮ್ಮ ಇವತ್ತಿಗೂ ಭಾನುವಾರ ಅನ್ನುವುದಿಲ್ಲ, ಆದಿತ್ವಾರ ಅನ್ನುತ್ತಾರೆ. ಇಬ್ಬರೂ ಶಾಲೆ ಮಕ್ಕಳ ಹಾಗೆ ವಾರ ಒಪ್ಪಿಸಿಕೊಂಡು ಕೂತರು. ಊಟದ ಹೊತ್ತಿಗೆ ಎಲ್ಲದರಲ್ಲೂ ಮೀನಿನ ಸಾಸ್ ಇರುತ್ತೆ ಅಂತ ಗೊತ್ತಾಗಿ, ಅಮ್ಮ ದಾರಿಬದಿಯಲ್ಲಿ ಕೊಂಡ ತಾಳೆ ಬೆಲ್ಲಕ್ಕೆ ತಾವು ತಂದ ಅವಲಕ್ಕಿ ಕಲಸಿಕೊಂಡರು. ಬಿಲ್ಲೆ ಬಿಲ್ಲೆಯಾಗಿ, ತಾಳೆ ಗರಿಯಲ್ಲಿ ಸುತ್ತಿ ಕೊಡುತ್ತಾರೆ. ನಮ್ಮ ಬೆಲ್ಲಕ್ಕಿಂತ ಮೆತ್ತಗೆ, ಸ್ವಲ್ಪ ಹೊಗೆ ವಾಸನೆ.

ಕೊನೆಗೆ ತಾ ಪ್ರೋಮ್. ಮರದ ಬೇರುಗಳು ಗೋಡೆಯನ್ನು ತಬ್ಬಿಕೊಂಡಿರುವ ಗುಡಿ. ಎಲ್ಲರೂ ಬೇರಿನ ಮುಂದೆ ಫೋಟೋಗೆ ಸಾಲು ನಿಂತಿದ್ದರು. ಏಳನೇ ಜಯವರ್ಮನ್ 1186ರಲ್ಲಿ ಇದನ್ನು ಕಟ್ಟಿಸಿದ್ದು ತನ್ನ ತಾಯಿಗಾಗಿ. ಇದರ ಸೇವೆಗೆ 3,140 ಹಳ್ಳಿಗಳಿದ್ದವು ಅಂತ ಇಲ್ಲಿನ ಶಾಸನ ಹೇಳುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. "ನೀನು ನಾಲ್ಕು ಗಂಟೆಗೆ ಎಬ್ಬಿಸಿದೆ" ಅಂದರು.

ರಾತ್ರಿ ಹೋಟೆಲಿನಲ್ಲಿ ನಾನು ಬ್ಯಾಟರಿ ಚಾರ್ಜ್‌ಗೆ ಹಾಕುತ್ತಿದ್ದೆ. ಅಮ್ಮ ಹಾಸನಕ್ಕೆ, ಚಿಕ್ಕಮ್ಮನಿಗೆ ಫೋನ್ ಮಾಡಿದ್ದರು. ಮೋಡ, ಮೆಟ್ಟಿಲು, ಬಿಸಿಲು, ಯಾವುದರ ಸುದ್ದಿಯೂ ಇಲ್ಲ.

"ಸಮುದ್ರಮಥನದಲ್ಲಿ ಹನುಮಂತನೂ ಇದ್ದ ಕಣೇ. ಬಾಲದ ತುದಿಯಲ್ಲಿ. ನಾನೇ ಕಣ್ಣಾರೆ ನೋಡಿದೆ."

ಆ ಕಡೆಯಿಂದ ಚಿಕ್ಕಮ್ಮ ಜಗಳ ಶುರು ಮಾಡಿದರು. ಸ್ಪೀಕರ್ ಹಾಕದೆಯೇ ನನಗೆ ಕೇಳುತ್ತಿತ್ತು.